ಸಾರ್ವಜನಿಕ ಕುಡಿಯುವ ನೀರಿನ ಮೂಲಗಳು ಮತ್ತು ಜಲಾನಯನ ಪ್ರದೇಶಗಳ ಸಂರಕ್ಷಣೆ: ನಾಗರಿಕರಿಗೆ ಮಾಹಿತಿ

ಹೊಸ ಕೊಳವೆ ಬಾವಿ ಕೊರೆಯಿಸಲು ಅನುಮತಿ ಕೋರುವವರು, ತಮ್ಮ ಗ್ರಾಮದ ಕುಡಿಯುವ ನೀರಿನ ಮೂಲ ಬತ್ತಿದೆ ಅಥವಾ ಮಲಿನಗೊಂಡಿದೆ ಎಂದು ದೂರು ಸಲ್ಲಿಸುವವರು ಹಾಗೂ ನೀರಿನ ಪರೀಕ್ಷೆ ಮಾಡಿಸಿಕೊಳ್ಳಲು ಇಚ್ಛಿಸುವವರು ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ. ಕಾನೂನಿನ ಅಂಶಗಳನ್ನು ಸರಳವಾಗಿ ವಿವರಿಸಲಾಗಿದ್ದು, ಯಾವುದೇ ಸಂದೇಹವಿದ್ದಲ್ಲಿ ಅಧಿನಿಯಮದ ಮೂಲ ಪಾಠವೇ ಅಂತಿಮವಾಗಿರುತ್ತದೆ.

ಜಲಾನಯನ ಪ್ರದೇಶ ಎಂದರೇನು

ಮಳೆಯ ನೀರು ಯಾವ ಎತ್ತರದ ಗೆರೆಯಿಂದ ಇಳಿದು ಒಂದೇ ಹಳ್ಳ, ಕೆರೆ ಅಥವಾ ಹೊಳೆಯನ್ನು ಸೇರುತ್ತದೆಯೋ ಆ ಗೆರೆಯೊಳಗಿನ ಸಮಸ್ತ ಭೂಮಿಯೇ ಅದರ ಜಲಾನಯನ ಪ್ರದೇಶ. ಗುಡ್ಡದ ನೆತ್ತಿ, ಗೋಮಾಳ, ಹೊಲ, ತೋಟ, ಊರಿನ ಬೀದಿ ಎಲ್ಲವೂ ಇದರಲ್ಲಿ ಸೇರುತ್ತವೆ. ಯೋಜನೆಯ ಅನುಕೂಲಕ್ಕಾಗಿ ಸುಮಾರು 500 ಹೆಕ್ಟೇರ್ ವಿಸ್ತೀರ್ಣದ ಘಟಕವನ್ನು ಕಿರು ಜಲಾನಯನ ಎಂದು ಪರಿಗಣಿಸಲಾಗುತ್ತದೆ. ಈ ಗೆರೆಯು ಗ್ರಾಮದ ಗಡಿಯನ್ನಾಗಲಿ, ಸರ್ವೆ ನಂಬರನ್ನಾಗಲಿ ಅನುಸರಿಸುವುದಿಲ್ಲ. ಒಂದು ಊರಿನ ಬಾವಿಗೆ ಬರುವ ನೀರು ಪಕ್ಕದ ಊರಿನ ಗೋಮಾಳದ ಮೇಲೆ ಬಿದ್ದ ಮಳೆಯಾಗಿರಬಹುದು. ನೀರಿನ ಮೂಲದ ಕುರಿತ ಅನೇಕ ದೂರುಗಳು ಎರಡು ಪಂಚಾಯಿತಿಗಳ ನಡುವೆ ಇತ್ಯರ್ಥವಾಗದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಒಂದು ಹೆಕ್ಟೇರ್ ಭೂಮಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಅಂದರೆ 500 ಹೆಕ್ಟೇರಿನ ಕಿರು ಜಲಾನಯನದ ಮೇಲೆ 10 ಮಿಲಿಮೀಟರಿನ ಒಂದು ಹದ ಮಳೆ ಬಿದ್ದರೆ 5 ಕೋಟಿ ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ನಿಗದಿಪಡಿಸಿದ ತಲಾ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ 1,000 ಜನಸಂಖ್ಯೆಯ ಗ್ರಾಮಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 2 ಕೋಟಿ ಲೀಟರ್. ಆದರೂ ಬಯಲುಸೀಮೆಯ ಗ್ರಾಮಗಳಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯಬೇಕಾಗುತ್ತದೆ. ಬಿದ್ದ ಮಳೆಯ ಬಹುಪಾಲು ಆವಿಯಾಗಿ ಅಥವಾ ಹರಿದು ಹೋಗುತ್ತದೆ. ನೆಲದೊಳಗೆ ಇಂಗಿ ಅಂತರ್ಜಲವನ್ನು ತಲುಪುವುದು ಅದರ ಸಣ್ಣದೊಂದು ಪಾಲು ಮಾತ್ರ. ಆ ಪಾಲನ್ನು ಹೆಚ್ಚಿಸುವುದು ಜಲಾನಯನ ಕಾಮಗಾರಿಗಳ ಉದ್ದೇಶವಾದರೆ, ಆ ಪಾಲನ್ನು ಮೊದಲು ಕುಡಿಯಲು ಮೀಸಲಿಡುವುದು ಕೆಳಗೆ ವಿವರಿಸಿರುವ ಕಾನೂನಿನ ಉದ್ದೇಶವಾಗಿದೆ.

500 ಮೀಟರ್ ನಿಯಮ

ಕರ್ನಾಟಕ ಅಂತರ್ಜಲ (ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ನಿಯಂತ್ರಣ) ಅಧಿನಿಯಮ, 1999ರ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಅಂತರದೊಳಗೆ ಸಕ್ಷಮ ಪ್ರಾಧಿಕಾರದ ಅನುಮತಿ ಇಲ್ಲದೆ ಯಾವುದೇ ವ್ಯಕ್ತಿಯು ನೀರು ತೆಗೆಯುವ ಉದ್ದೇಶಕ್ಕೆ ಬಾವಿಯನ್ನು ತೋಡತಕ್ಕದ್ದಲ್ಲ. ಇಲ್ಲಿ ಬಾವಿ ಎಂಬುದರಲ್ಲಿ ತೆರೆದ ಬಾವಿ, ಕೊಳವೆ ಬಾವಿ ಹಾಗೂ ತೆರೆದ ಬಾವಿಯ ತಳದಲ್ಲಿ ಕೊರೆದ ಕೊಳವೆಯೂ ಸೇರುತ್ತವೆ. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಸಾರ್ವಜನಿಕರಿಗೆ ಕುಡಿಯುವ ನೀರನ್ನು ಒದಗಿಸುತ್ತಿರುವ ಬಾವಿಯು ಸಾರ್ವಜನಿಕ ಮೂಲವೆನಿಸುತ್ತದೆ.

ಜಮೀನು ತಮ್ಮ ಸ್ವಂತದ್ದು ಎಂಬ ಕಾರಣಕ್ಕೆ ಅನುಮತಿ ಬೇಕಾಗಿಲ್ಲವೆಂಬ ತಿಳಿವಳಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ನಿಯಮವು ಅನ್ವಯವಾಗುವುದು ಅಂತರದ ಮೇಲೆ. ಜಮೀನಿನ ಒಡೆತನದಿಂದ ಅದಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಈ ಅಂತರ ಏಕೆ ಬೇಕು ಎಂಬುದನ್ನು ತಿಳಿದುಕೊಂಡರೆ ಅನೇಕ ವಿವಾದಗಳು ತಪ್ಪುತ್ತವೆ. ರಾಜ್ಯದ ಬಹುಭಾಗದ ನೆಲದಡಿ ಇರುವುದು ಗ್ರಾನೈಟ್, ನೈಸ್ ಮೊದಲಾದ ಗಟ್ಟಿ ಶಿಲೆ. ಉತ್ತರ ಭಾಗದಲ್ಲಿ ಬಸಾಲ್ಟ್. ಇಂತಹ ಶಿಲೆಯಲ್ಲಿ ನೀರು ಮರಳಿನಲ್ಲಿ ತುಂಬಿರುವಂತೆ ಎಲ್ಲೆಡೆ ಸಮನಾಗಿ ಇರುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಹಾಗೂ ಕೆಳಗಿನ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಕೊಳವೆ ಬಾವಿಯಿಂದ ನೀರನ್ನು ಎತ್ತತೊಡಗಿದಾಗ ಅದರ ಸುತ್ತ ನೀರಿನ ಮಟ್ಟವು ಆಲಿಕೆಯ ಆಕಾರದಲ್ಲಿ ಕುಸಿಯುತ್ತದೆ. ಎರಡು ಬಾವಿಗಳು ಒಂದೇ ಬಿರುಕಿನ ಸಾಲಿನಲ್ಲಿದ್ದರೆ, 400 ಮೀಟರ್ ದೂರದ ಹೊಸ ಬಾವಿಯು ಊರಿನ ಬಾವಿಯನ್ನು ಬತ್ತಿಸಬಲ್ಲದು. ಬಿರುಕಿನ ಸಾಲಿನಲ್ಲಿ ಇಲ್ಲದ, 100 ಮೀಟರ್ ದೂರದ ಬಾವಿಯಿಂದ ಯಾವ ಪರಿಣಾಮವೂ ಆಗದಿರಬಹುದು. ಇದನ್ನು ಕಣ್ಣಳತೆಯಿಂದ ನಿರ್ಧರಿಸಲು ಸಾಧ್ಯವಿಲ್ಲ. ಆದುದರಿಂದಲೇ ಕಾನೂನು ಒಂದು ನಿಶ್ಚಿತ ಅಂತರವನ್ನು ಇರಿಸಿ, ಅದರೊಳಗಿನ ಪ್ರಕರಣಗಳನ್ನು ತಾಂತ್ರಿಕ ಅಧಿಕಾರಿಯ ಅಭಿಪ್ರಾಯದ ಮೇಲೆ ತೀರ್ಮಾನಿಸುವಂತೆ ಮಾಡಿದೆ.

ಮಳೆಯ ಕೊರತೆಯ ಕಾಲದಲ್ಲಿ ಒಂದು ಪ್ರದೇಶವನ್ನು ನೀರಿನ ಅಭಾವದ ಪ್ರದೇಶವೆಂದು ಘೋಷಿಸಿ, ಸಾರ್ವಜನಿಕ ಮೂಲಕ್ಕೆ ಬಾಧಕವಾಗುವ ಖಾಸಗಿ ಬಾವಿಗಳಿಂದ ನೀರು ಎತ್ತುವುದನ್ನು ನಿರ್ಬಂಧಿಸಲು ಈ ಅಧಿನಿಯಮದಲ್ಲಿ ಅವಕಾಶವಿದೆ. ಅತಿಬಳಕೆಯಾದ ಜಲಾನಯನವನ್ನು ಘೋಷಿಸಿ ಅಲ್ಲಿ ಹೊಸ ಬಾವಿಗಳನ್ನು ನಿಷೇಧಿಸಲೂ ಬಹುದು.

2011ರ ಅಧಿನಿಯಮ ಮತ್ತು ಕೊಳವೆ ಬಾವಿಯ ಅರ್ಜಿ

ಮೇಲೆ ಹೇಳಿದ್ದು ಕುಡಿಯುವ ನೀರಿನ ಮೂಲಕ್ಕೆ ಸಂಬಂಧಿಸಿದ್ದು. ಇದಲ್ಲದೆ ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ ಮತ್ತು ನಿಯಂತ್ರಣ) ಅಧಿನಿಯಮ, 2011 ಹಾಗೂ ಅದರಡಿ 2012ರಲ್ಲಿ ರಚಿತವಾದ ನಿಯಮಗಳು ಇವೆ. ಇದರ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಕೃಷಿ, ಕೈಗಾರಿಕೆ, ವಾಣಿಜ್ಯ ಯಾವ ಉದ್ದೇಶಕ್ಕಾದರೂ ಬಾವಿ ತೋಡಲು ಪೂರ್ವಾನುಮತಿ ಪಡೆಯತಕ್ಕದ್ದು. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಅಂತರ್ಜಲ ಸಮಿತಿಯು ಅರ್ಜಿಗಳನ್ನು ಪರಿಶೀಲಿಸುತ್ತದೆ. ಕೊರೆಯುವ ಯಂತ್ರಗಳ ಮಾಲೀಕರೂ ನೋಂದಣಿ ಹೊಂದಿರತಕ್ಕದ್ದು. ನೋಂದಣಿ ಇಲ್ಲದ ಲಾರಿಯವರು ಕಡಿಮೆ ದರ ಹೇಳಿದರೂ ಜಮೀನಿನ ಮಾಲೀಕರು ಒಪ್ಪಬಾರದು.

ಅಂತರ್ಜಲದ ವಾರ್ಷಿಕ ಲಭ್ಯತೆಗೆ ಹೋಲಿಸಿದರೆ ಬಳಕೆಯು ಶೇಕಡ 70ರವರೆಗೆ ಇದ್ದರೆ ಸುರಕ್ಷಿತ, 70ರಿಂದ 90ರವರೆಗೆ ಅರೆ ಗಂಭೀರ, 90ರಿಂದ 100ರವರೆಗೆ ಗಂಭೀರ, 100ಕ್ಕಿಂತ ಹೆಚ್ಚಿದ್ದರೆ ಅತಿಬಳಕೆ ಎಂದು ವರ್ಗೀಕರಿಸಲಾಗುತ್ತದೆ. ನಿಮ್ಮ ತಾಲ್ಲೂಕು ಯಾವ ವರ್ಗದಲ್ಲಿದೆ ಎಂಬುದನ್ನು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳುವುದು ಒಳಿತು. ಅತಿಬಳಕೆಯ ತಾಲ್ಲೂಕಿನಲ್ಲಿ ಸಾಲ ಮಾಡಿ ಮೂರು ನಾಲ್ಕು ಕಡೆ ಕೊರೆಯಿಸಿ ನೀರು ಕಾಣದೆ ನಷ್ಟಕ್ಕೆ ಒಳಗಾದ ಕುಟುಂಬಗಳು ಕಡಿಮೆಯೇನಲ್ಲ. ಅನುಮತಿ ನಿರಾಕರಣೆಯು ಕೆಲವೊಮ್ಮೆ ಅರ್ಜಿದಾರರಿಗೇ ಉಪಕಾರವಾಗಿ ಪರಿಣಮಿಸಿದೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಪಹಣಿ, ಜಮೀನಿನ ನಕ್ಷೆ, ಗುರುತಿನ ದಾಖಲೆ ಹಾಗೂ ಉದ್ದೇಶದ ವಿವರ ಬೇಕಾಗುತ್ತವೆ. ನಕ್ಷೆಯಲ್ಲಿ ಉದ್ದೇಶಿತ ಬಾವಿಯ ಸ್ಥಳವನ್ನೂ, ಹತ್ತಿರದ ಸಾರ್ವಜನಿಕ ಕುಡಿಯುವ ನೀರಿನ ಮೂಲವನ್ನೂ, ಅವುಗಳ ನಡುವಿನ ನೇರ ಅಂತರವನ್ನು ಮೀಟರುಗಳಲ್ಲಿಯೂ ತೋರಿಸಿದಲ್ಲಿ ಸ್ಥಳ ತನಿಖೆಯು ಸುಗಮವಾಗುತ್ತದೆ. ರಸ್ತೆಯ ಸುತ್ತಳತೆಯನ್ನು ಅಂತರವೆಂದು ನಮೂದಿಸಬಾರದು.

ವಿಫಲವಾದ ಕೊಳವೆ ಬಾವಿಯನ್ನು ಮುಚ್ಚುವುದು

ಮಾನ್ಯ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ನಿರ್ದೇಶನಗಳಂತೆ, ಬಾವಿ ತೋಡುವ 15 ದಿನ ಮೊದಲು ಜಮೀನಿನ ಮಾಲೀಕರು ಸಂಬಂಧಿಸಿದ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಕೊರೆಯುವ ಸ್ಥಳದಲ್ಲಿ ಸೂಚನಾ ಫಲಕ ಮತ್ತು ಸುತ್ತ ಬೇಲಿ ಇರತಕ್ಕದ್ದು. ಕೇಸಿಂಗ್ ಕೊಳವೆಯ ಸುತ್ತ 0.50 × 0.50 × 0.60 ಮೀಟರ್ ಅಳತೆಯ ಸಿಮೆಂಟ್ ಕಟ್ಟೆಯನ್ನು, ನೆಲದ ಮೇಲೆ 0.30 ಮೀಟರ್ ಹಾಗೂ ಕೆಳಗೆ 0.30 ಮೀಟರ್ ಬರುವಂತೆ, ನಿರ್ಮಿಸಿ ಬಾಯಿಗೆ ಭದ್ರವಾದ ಮುಚ್ಚಳ ಹಾಕತಕ್ಕದ್ದು. ನೀರು ಬಾರದ ಕೊಳವೆಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲುಗಳಿಂದ ತುಂಬತಕ್ಕದ್ದು. ಮೇಲೆ ಚೀಲ ಅಥವಾ ಚಪ್ಪಡಿ ಇಟ್ಟು ಬಿಡುವುದು ಮುಚ್ಚಿದಂತೆ ಆಗುವುದಿಲ್ಲ.

ಮಕ್ಕಳು ಬೀಳುವ ಅಪಾಯದ ಕುರಿತು ಎಲ್ಲರಿಗೂ ಅರಿವಿದೆ. ಇದರೊಂದಿಗೆ ಮತ್ತೊಂದು ಹಾನಿಯೂ ಇದೆ. ತೆರೆದ ಕೊಳವೆಯು ಮೇಲಿನ ಕೊಳೆಯನ್ನು ಶೋಧಿಸದೆಯೇ ನೇರವಾಗಿ ಆಳದ ಬಿರುಕುಗಳಿಗೆ ಇಳಿಸುವ ದಾರಿಯಾಗುತ್ತದೆ. ಇದೇ ಕಾರಣದಿಂದ ವಿಫಲ ಬಾವಿಗೆ ಮಳೆ ನೀರನ್ನು ಇಂಗಿಸಲು ಬಯಸುವವರು ಜಲ್ಲಿ ಮತ್ತು ಮರಳಿನ ಪದರಗಳಿರುವ ಶೋಧಕ ಗುಂಡಿಯನ್ನು ತಪ್ಪದೆ ನಿರ್ಮಿಸಬೇಕು. ಚರಂಡಿ ನೀರನ್ನು ಯಾವ ಕಾರಣಕ್ಕೂ ಕೊಳವೆ ಬಾವಿಗೆ ಬಿಡಕೂಡದು. ನದಿ, ತೊರೆ, ಬಾವಿಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ಬಿಡುವುದನ್ನು ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರಲ್ಲಿ ನಿಷೇಧಿಸಲಾಗಿದೆ.

ನೀರಿನ ಗುಣಮಟ್ಟ

ಕುಡಿಯುವ ನೀರಿಗೆ ಭಾರತೀಯ ಮಾನಕ 10500 (2012ರ ಪರಿಷ್ಕರಣೆ) ಅನ್ವಯವಾಗುತ್ತದೆ. ಪ್ರತಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿಗ್ರಾಂ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕರಗಿದ ಒಟ್ಟು ಲವಣಾಂಶ 500 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 2,000 ಮಿಲಿಗ್ರಾಂ. ಮಲಮೂಲದ ಬ್ಯಾಕ್ಟೀರಿಯಾ 100 ಮಿಲಿಲೀಟರ್ ಮಾದರಿಯಲ್ಲಿ ಕಂಡುಬರಲೇಬಾರದು.

ಫ್ಲೋರೈಡ್ ಶಿಲೆಯಿಂದಲೇ ಬರುವಂಥದ್ದು. ನೀರು ಶಿಲೆಯೊಡನೆ ಹೆಚ್ಚು ಕಾಲ ಇದ್ದಷ್ಟೂ ಅಂಶ ಹೆಚ್ಚುವುದರಿಂದ, ಬಾವಿಗಳನ್ನು ಆಳಕ್ಕೆ ಇಳಿಸಿದಂತೆಲ್ಲ ಸಮಸ್ಯೆ ಉಲ್ಬಣಿಸುವ ಸಂಭವವಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳಲ್ಲಿ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು, ಕೀಲುಗಳು ಬಿಗಿಯುವುದು ಬಹುಕಾಲದಿಂದ ಕಂಡುಬಂದಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಉಳಿದುದರಲ್ಲಿ ಅಂಶವು ಹೆಚ್ಚುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣ ಮತ್ತು ಫ್ಲೋರೈಡ್ ಸಾಂದ್ರವಾಗಿರುವುದರಿಂದ ಅದನ್ನು ಬಾವಿಯ ಬಳಿ ಇಂಗಿಸಬಾರದು. ಘಟಕ ಸ್ಥಾಪನೆಯಾದ ಅನೇಕ ಕಡೆ ಈ ಒಂದು ಅಂಶವೇ ಮರೆತುಹೋಗುತ್ತದೆ.

ನೈಟ್ರೇಟ್ ಬರುವುದು ನಮ್ಮಿಂದ: ತಿಪ್ಪೆಗುಂಡಿ, ಕೊಟ್ಟಿಗೆ, ಶೌಚಗುಂಡಿ ಹಾಗೂ ಮಿತಿಮೀರಿದ ರಸಗೊಬ್ಬರ. ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಇದು ಅಪಾಯಕಾರಿ. ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಹಾಗೂ ಇಳಿಜಾರಿನ ಕೆಳಬದಿಯಲ್ಲಿ ಇವು ಇರುವಂತೆ ನೋಡಿಕೊಳ್ಳಬೇಕು. ತೆರೆದ ಬಾವಿಗೆ ಸುಮಾರು 75 ಸೆಂಟಿಮೀಟರ್ ಎತ್ತರದ ಸುತ್ತುಗೋಡೆ, ಹೊರಗೆ 1 ಮೀಟರ್ ಅಗಲದ ಇಳಿಜಾರಾದ ಸಿಮೆಂಟ್ ಕಟ್ಟೆ ಮತ್ತು ಚೆಲ್ಲಿದ ನೀರನ್ನು ದೂರ ಒಯ್ಯುವ ಚರಂಡಿ ಅಗತ್ಯ. ಬಟ್ಟೆ ಒಗೆಯುವುದು, ಜಾನುವಾರು ತೊಳೆಯುವುದು ಕಟ್ಟೆಯ ಮೇಲೆ ಕೂಡದು.

ಬ್ಯಾಕ್ಟೀರಿಯಾದ ಮಾಲಿನ್ಯವು ಅತ್ಯಂತ ಶೀಘ್ರವಾಗಿ ಪ್ರಾಣಾಪಾಯ ತರುವಂಥದ್ದು. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಸೇವನೆಯ ನಂತರ ಸಾವುಗಳು ಸಂಭವಿಸಿದವು. ಮೂಲವು ಶುದ್ಧವಾಗಿದ್ದರೂ ಚರಂಡಿಯಲ್ಲಿ ಹಾದುಹೋಗುವ ಒಡೆದ ಪೈಪು, ವರ್ಷಗಟ್ಟಲೆ ತೊಳೆಯದ ಮೇಲ್ತೊಟ್ಟಿ ಸಾಕು. ಒಂದೇ ಬೀದಿಯಲ್ಲಿ ಎರಡು ಮೂರು ಮನೆಯವರಿಗೆ ಒಂದೇ ದಿನ ವಾಂತಿ ಭೇದಿ ಕಾಣಿಸಿಕೊಂಡರೆ ಪರೀಕ್ಷಾ ವರದಿಗೆ ಕಾಯದೆ ಆ ನಲ್ಲಿಯ ನೀರನ್ನು ಕುಡಿಯುವುದನ್ನು ನಿಲ್ಲಿಸಿ, ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತಕ್ಷಣ ತಿಳಿಸಬೇಕು. ಲಿಖಿತ ದೂರನ್ನು ನಂತರ ನೀಡಬಹುದು.

ಗ್ರಾಮ ಮಟ್ಟದಲ್ಲಿ ಕ್ಷೇತ್ರ ಪರೀಕ್ಷಾ ಪೆಟ್ಟಿಗೆಯನ್ನು ಬಳಸಲು ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆಯು ಜಲ ಜೀವನ್ ಮಿಷನ್ ಅಡಿಯಲ್ಲಿದೆ. ಹೈಡ್ರೋಜನ್ ಸಲ್ಫೈಡ್ ಸೀಸೆಯಲ್ಲಿ ಇರಿಸಿದ ನೀರು ಕಪ್ಪಾದರೆ ಅದು ಮಲಿನವಾಗಿದೆಯೆಂದು ತಿಳಿಯಬೇಕು. ಇದು ಪ್ರಾಥಮಿಕ ಸೂಚನೆಯಷ್ಟೆ. ಖಚಿತ ಫಲಿತಾಂಶಕ್ಕೆ ಜಿಲ್ಲಾ ಅಥವಾ ತಾಲ್ಲೂಕು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿಯನ್ನು ಕಳುಹಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯವು ನೀಡುವ ನಿರ್ಜೀವೀಕರಿಸಿದ ಸೀಸೆಯಲ್ಲಿಯೇ ಸಂಗ್ರಹಿಸಿ ಅದೇ ದಿನ ತಲುಪಿಸತಕ್ಕದ್ದು. ಹಳೆಯ ತಂಪು ಪಾನೀಯದ ಬಾಟಲಿಯಲ್ಲಿ ತಂದ ಮಾದರಿಯ ಫಲಿತಾಂಶಕ್ಕೆ ಬೆಲೆಯಿಲ್ಲ.

ತೆರೆದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಕ್ರಮ

ಇದನ್ನು ಸ್ವಲ್ಪ ವಿವರವಾಗಿ ನೀಡಲಾಗಿದೆ. ಪುಡಿಯನ್ನು ನೇರವಾಗಿ ಬಾವಿಗೆ ಸುರಿಯುವ ರೂಢಿ ಇನ್ನೂ ಇದೆ. ಮೊದಲು ನೀರಿನ ಪ್ರಮಾಣವನ್ನು ಲೆಕ್ಕ ಹಾಕಬೇಕು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರುಗಳಲ್ಲಿ ಪ್ರಮಾಣ ದೊರೆಯುತ್ತದೆ. 3 ಮೀಟರ್ ವ್ಯಾಸ, 4 ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಪ್ರತಿ 1,000 ಲೀಟರಿಗೆ ಉತ್ತಮ ಗುಣಮಟ್ಟದ ಪುಡಿ ಸುಮಾರು 2.5 ಗ್ರಾಂ ಲೆಕ್ಕದಲ್ಲಿ ಈ ಬಾವಿಗೆ 70 ಗ್ರಾಂ ಸಾಕು. ನೀರು ಕದಡಿದ್ದರೆ ಅಥವಾ ರೋಗ ಹರಡಿದ್ದರೆ ಆರೋಗ್ಯ ಸಿಬ್ಬಂದಿಯು ಸೂಚಿಸಿದ ಹೆಚ್ಚಿನ ಪ್ರಮಾಣವನ್ನು ಬಳಸಬೇಕು.

ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಹಿಟ್ಟಿನಂತೆ ಕಲಸಿ, ನಂತರ ಬಕೆಟ್ಟಿನ ಮುಕ್ಕಾಲು ಭಾಗದವರೆಗೆ ನೀರು ಬೆರೆಸಿ ಚೆನ್ನಾಗಿ ಕಲಕಬೇಕು. 5ರಿಂದ 10 ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮತ್ತೊಂದು ಬಕೆಟ್ಟಿಗೆ ಬಸಿದುಕೊಂಡು, ಸುಣ್ಣದ ಗಸಿಯನ್ನು ಬಿಸಾಡಬೇಕು. ಗಸಿ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ತಿಳಿ ಇರುವ ಬಕೆಟ್ಟನ್ನು ನೀರಿನೊಳಗೆ ಇಳಿಸಿ ಹಗ್ಗವನ್ನು ಮೇಲೆ ಕೆಳಗೆ, ಅತ್ತಿತ್ತ ಆಡಿಸಬೇಕು. ಕನಿಷ್ಠ ಒಂದು ಗಂಟೆಯವರೆಗೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಉತ್ತಮ. ನಲ್ಲಿ ಸರಬರಾಜಿನಲ್ಲಿ ಕೊನೆಯ ಮನೆಯ ನೀರಿನಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು.

ಕೆರೆ, ರಾಜಕಾಲುವೆ ಮತ್ತು ಮೇಲ್ಭಾಗದ ಭೂಮಿ

ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇವು ಬಹುಮಟ್ಟಿಗೆ ಸರಪಳಿಯಾಗಿ ನಿರ್ಮಿತವಾದವು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತದೆ. ಕೆರೆಯ ಅಂಗಳವನ್ನಷ್ಟೆ ಹೂಳೆತ್ತಿ, ನೀರು ಬರುವ ಕಾಲುವೆಯ ಒತ್ತುವರಿಯನ್ನು ತೆರವುಗೊಳಿಸದಿದ್ದರೆ ಕೆರೆ ತುಂಬುವುದಿಲ್ಲ. ಒತ್ತುವರಿಯ ದೂರನ್ನು ಸರ್ವೆ ನಂಬರಿನೊಂದಿಗೆ ತಹಶೀಲ್ದಾರರಿಗೆ ಸಲ್ಲಿಸಬೇಕು. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಹರಿಸಲಾಗುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು ಅಂತರ್ಜಲ ಮರುಪೂರಣಕ್ಕಾಗಿ ಮಾತ್ರ. ಅಂತಹ ಕೆರೆಯ ನೀರನ್ನು ನೇರವಾಗಿ ಕುಡಿಯಲು ಬಳಸಬಾರದು.

ಜಲಾನಯನವನ್ನು ಕಡೆಗಣಿಸಿದರೆ ನಗರಗಳೂ ಮೂಲವನ್ನು ಕಳೆದುಕೊಳ್ಳುತ್ತವೆ. ಬೆಂಗಳೂರಿಗೆ 1894ರಿಂದ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆ ನೀರು ಬಂತು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ನಿರ್ಮಾಣವಾಯಿತು. ಮೇಲ್ಭಾಗದಲ್ಲಿ ಕೊಳವೆ ಬಾವಿಗಳು, ಬಡಾವಣೆಗಳು, ಕೈಗಾರಿಕೆಗಳು ಹೆಚ್ಚಿದಂತೆ ಒಳಹರಿವು ಕ್ಷೀಣಿಸಿತು, ಬಂದ ನೀರೂ ಕೆಟ್ಟಿತು. ಜಲಾನಯನದಲ್ಲಿ ಅಭಿವೃದ್ಧಿಯನ್ನು ವಲಯವಾರು ನಿರ್ಬಂಧಿಸುವ ಅಧಿಸೂಚನೆ ಹೊರಬಿದ್ದದ್ದು 2003ರಲ್ಲಿ. ಅಷ್ಟರಲ್ಲಿ ಬಹಳಷ್ಟು ಹಾನಿ ಸಂಭವಿಸಿತ್ತು.

ಕಾಮಗಾರಿಗಳನ್ನು ಗುಡ್ಡದ ನೆತ್ತಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕೆಂಬುದು ಜಲಾನಯನ ತತ್ವ. ಮೇಲೆ ಕಂದಕ ಮತ್ತು ಗಿಡಮರ, ನಡುವೆ ಹೊಲದ ಬದು ಹಾಗೂ ಕೃಷಿ ಹೊಂಡ, ಕೊನೆಗೆ ಹಳ್ಳದಲ್ಲಿ ತಡೆ ಅಣೆ. ಮೇಲಿನ ಕೆಲಸ ಬಿಟ್ಟು ತಡೆ ಅಣೆಯನ್ನೇ ಮೊದಲು ಕಟ್ಟಿದರೆ ಎರಡು ಮೂರು ಮಳೆಗಾಲದಲ್ಲಿ ಅದು ಹೂಳಿನಿಂದ ತುಂಬುತ್ತದೆ. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲ ಯೋಜನೆಯಲ್ಲಿ ಈ ಕ್ರಮವನ್ನು ಅನುಸರಿಸಿ, ಯೋಜನೆಯನ್ನು ರೈತರ ಗುಂಪುಗಳೊಂದಿಗೆ ಹೊಲದಲ್ಲಿಯೇ ರೂಪಿಸಲಾಯಿತು. ತಮ್ಮ ಜಮೀನಿನಲ್ಲಿ ಬದು ಅಥವಾ ಹೊಂಡಕ್ಕೆ ಸಹಾಯಧನ ಕೋರುವ ರೈತರು ರೈತ ಸಂಪರ್ಕ ಕೇಂದ್ರದಲ್ಲಿ ಚಾಲ್ತಿಯಲ್ಲಿರುವ ಯೋಜನೆಯ ವಿವರ ಪಡೆಯಬಹುದು.

ದೂರು ಮತ್ತು ಮೇಲ್ಮನವಿ

ಮೂಲ ಬತ್ತಿದ ಅಥವಾ ಅನುಮತಿಯಿಲ್ಲದೆ ಕೊರೆಯುತ್ತಿರುವ ಕುರಿತು ದೂರನ್ನು ಗ್ರಾಮ ಪಂಚಾಯಿತಿಗೆ ಸಲ್ಲಿಸಿ, ಪ್ರತಿಯನ್ನು ತಹಶೀಲ್ದಾರರಿಗೆ ಕಳುಹಿಸತಕ್ಕದ್ದು. ಕೊರೆಯುವ ಯಂತ್ರ ಸ್ಥಳದಲ್ಲಿರುವಾಗಲೇ ತಿಳಿಸುವುದು ಪರಿಣಾಮಕಾರಿ. ಬಾವಿ ಪೂರ್ಣಗೊಂಡು ಪಂಪು ಇಳಿದ ಮೇಲೆ ತನಿಖೆ ದೀರ್ಘವಾಗುತ್ತದೆ. ಊರಿನ ಬಾವಿಯ ನೀರಿನ ಮಟ್ಟವನ್ನು ನೀರುಗಂಟಿಯು ತಿಂಗಳಿಗೊಮ್ಮೆ, ಬೆಳಿಗ್ಗೆ ಪಂಪು ಚಾಲೂ ಮಾಡುವ ಮುನ್ನ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ತಾಂತ್ರಿಕ ಅಧಿಕಾರಿಗೆ ಅದಕ್ಕಿಂತ ಉತ್ತಮ ಸಾಕ್ಷ್ಯ ಬೇರೊಂದಿಲ್ಲ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆಯಲ್ಲಿ ಈ ಪುಸ್ತಕವನ್ನು ನೋಡುವ ಹಕ್ಕನ್ನು ಸದಸ್ಯರು ಬಳಸಿಕೊಳ್ಳಬೇಕು.

ದೂರಿನಲ್ಲಿ ಮೂಲದ ಸ್ಥಳ, ಸರ್ವೆ ನಂಬರು, ಅವಲಂಬಿತ ಮನೆಗಳ ಸಂಖ್ಯೆ ಮತ್ತು ತೊಂದರೆ ಕಂಡ ದಿನಾಂಕವನ್ನು ನಮೂದಿಸಿ, ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯಬೇಕು. ಅನುಮತಿ ನಿರಾಕರಿಸಿದ ಆದೇಶದ ಪ್ರತಿಯಲ್ಲಿ ಕಾರಣಗಳಿರುತ್ತವೆ. ಮೇಲ್ಮನವಿಗೆ ಅದು ಅಗತ್ಯ. ನೀರಿನ ಪರೀಕ್ಷಾ ವರದಿ, ಅನುಮತಿ ನೀಡಿದ ಬಾವಿಗಳ ಪಟ್ಟಿ ಮತ್ತು ಸ್ಥಳ ತನಿಖಾ ವರದಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. ಉತ್ತರವು 30 ದಿನಗಳೊಳಗೆ ಬಾರದಿದ್ದಲ್ಲಿ, ನಂತರದ 30 ದಿನಗಳೊಳಗೆ ಅದೇ ಇಲಾಖೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸತಕ್ಕದ್ದು.